ನೋವಿನ ಮಾತ್ರೆ, ಉಬ್ಬಸ ಮತ್ತು ವಂಶವಾಹಿ

ಆಸ್ತಮಾ ಕುರಿತ ಮಾತುಕತೆಯ ಕೊನೆಯಲ್ಲಿ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆಗೆ ಸಮಯದ ಅಭಾವದಿಂದ ಎರಡೇ ಮಾತಿನಲ್ಲಿ ಉತ್ತರಿಸಬೇಕಾಯಿತು. ಪ್ರಶ್ನೆ ಹೀಗಿತ್ತು: "ನಮ್ಮ ತಾಯಿಯವರಿಗೆ ತಲೆನೋವಿನ ಮಾತ್ರೆ ನುಂಗಿದ ಒಂದು ಗಂಟೆಯೊಳಗೆ ಉಬ್ಬಸ ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ನನಗೂ ಚಳಿಗಾಲದಲ್ಲಿ ದಮ್ಮು ಕಟ್ಟುತ್ತದೆ. ಇದು ರಕ್ತದಲ್ಲಿ ಬರುವಂಥದೇ? ನಾನೂ ನನ್ನ ಮಗಳೂ ಈ ಮಾತ್ರೆಗಳನ್ನು ಮುಟ್ಟಲೇಬಾರದೇ? ಮೊದಲೇ ತಿಳಿಯಲು ಯಾವುದಾದರೂ ಪರೀಕ್ಷೆ ಇದೆಯೇ?" ಅಂದು ಬಿಟ್ಟುಹೋದದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಕಾಯಿಲೆಯ ಪರಿಚಯ. ಆಸ್ಪಿರಿನ್ 1899ರಲ್ಲಿ ಮಾರುಕಟ್ಟೆಗೆ ಬಂತು. 1922ರಲ್ಲಿ ಫ್ರಾನ್ಸಿನ ವೈದ್ಯ ಫೆರ್ನಾಂದ್ ವಿದಾಲ್ ಮತ್ತು ಸಂಗಡಿಗರು ಆಸ್ತಮಾ, ಮೂಗಿನ ದುರ್ಮಾಂಸ ಮತ್ತು ಆಸ್ಪಿರಿನ್ ಒಗ್ಗದಿರುವುದು, ಈ ಮೂರೂ ಒಬ್ಬರಲ್ಲೇ ಕೂಡಿ ಬರುವುದನ್ನು ವರದಿ ಮಾಡಿದರು. ಅದು ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. 1968ರಲ್ಲಿ ಅಮೆರಿಕದ ಮ್ಯಾಕ್ಸ್ ಸ್ಯಾಮ್ಟರ್ ಮತ್ತು ರೇ ಬಿಯರ್ಸ್ ಇದನ್ನೇ ವಿವರವಾಗಿ ಬರೆದ ಮೇಲೆ ಅದಕ್ಕೆ ಸ್ಯಾಮ್ಟರ್ ತ್ರಿಕೂಟ ಎಂಬ ಹೆಸರೇ ನಿಂತುಬಿಟ್ಟಿತು.

ಈ ಕಾಯಿಲೆ ಬರುವ ಕ್ರಮ ವಿಚಿತ್ರವಾದದ್ದು. ಸಾಮಾನ್ಯವಾಗಿ ಮೂವತ್ತರ ಆಸುಪಾಸಿನಲ್ಲಿ, ಹೆಂಗಸರಲ್ಲಿ ಸ್ವಲ್ಪ ಹೆಚ್ಚಾಗಿ, ಒಂದು ನೆಗಡಿಯಿಂದ ಆರಂಭವಾಗುತ್ತದೆ. ಆ ನೆಗಡಿ ಹೋಗುವುದೇ ಇಲ್ಲ. ಮೂಗು ಸದಾ ಕಟ್ಟಿರುತ್ತದೆ, ಕ್ರಮೇಣ ವಾಸನೆ ಗೊತ್ತಾಗುವುದು ನಿಲ್ಲುತ್ತದೆ; ಒಗ್ಗರಣೆ ಸೀದರೂ, ಹಾಲು ಉಕ್ಕಿ ಹೊತ್ತಿದರೂ ಅಡುಗೆಮನೆಯಲ್ಲಿರುವವರಿಗೇ ತಿಳಿಯದು. ಮೂಗಿನೊಳಗೆ ದುರ್ಮಾಂಸ ಬೆಳೆದಿರುತ್ತದೆ. ಶಸ್ತ್ರಚಿಕಿತ್ಸೆ ಮಾಡಿ ತೆಗೆದರೂ ಮತ್ತೆ ಬೆಳೆಯುತ್ತದೆ. ಅನಂತರ ಉಬ್ಬಸ. ಆಮೇಲೊಂದು ದಿನ, ಹಿಂದೆ ಎಷ್ಟೋ ಸಲ ನುಂಗಿ ಏನೂ ಆಗದಿದ್ದ ಅದೇ ಮಾತ್ರೆ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಮೂಗು ಸುರಿಸಿ, ಕಣ್ಣು ಕೆಂಪಾಗಿಸಿ, ಉಸಿರು ಕಟ್ಟಿಸುತ್ತದೆ. ಕೆಲವರಿಗೆ ಇದು ಪ್ರಾಣಾಂತಿಕವೂ ಆಗಬಹುದು. ವಯಸ್ಕ ಆಸ್ತಮಾ ರೋಗಿಗಳಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಈ ತೊಂದರೆಯಿದೆ. ತೀವ್ರ ಆಸ್ತಮಾ ಇರುವವರಲ್ಲಿ ಅದರ ಎರಡರಷ್ಟು. ಚಿಕ್ಕ ಮಕ್ಕಳಲ್ಲಿ ಅಪರೂಪ.

ಇದನ್ನು ಜನ "ಮಾತ್ರೆಯ ಅಲರ್ಜಿ" ಎನ್ನುತ್ತಾರೆ. ವಾಸ್ತವವಾಗಿ ಇದು ಪೆನಿಸಿಲಿನ್ ಅಲರ್ಜಿಯಂಥದಲ್ಲ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಇವುಗಳ ರಾಸಾಯನಿಕ ರಚನೆ ಬೇರೆಬೇರೆ, ಆದರೂ ಒಂದು ಆಗದವರಿಗೆ ಮತ್ತೊಂದೂ ಆಗುವುದಿಲ್ಲ. ಏಕೆಂದರೆ ತೊಂದರೆಯಿರುವುದು ಮಾತ್ರೆಯ ಆಕಾರದಲ್ಲಲ್ಲ, ಅದು ಮಾಡುವ ಕೆಲಸದಲ್ಲಿ.

ನಮ್ಮ ಜೀವಕೋಶಗಳ ಪೊರೆಯಲ್ಲಿ ಅರಕಿಡಾನಿಕ್ ಆಮ್ಲ ಎಂಬ ಕೊಬ್ಬಿನ ಅಂಶವಿದೆ. ದೇಹ ಅದನ್ನು ಎರಡು ದಾರಿಯಲ್ಲಿ ಬಳಸಿಕೊಳ್ಳುತ್ತದೆ. ಮೊದಲ ದಾರಿಯಲ್ಲಿ ಸೈಕ್ಲೊಆಕ್ಸಿಜಿನೇಸ್ ಎಂಬ ಕಿಣ್ವ ಪ್ರೊಸ್ಟಗ್ಲಾಂಡಿನ್‌ಗಳನ್ನು ತಯಾರಿಸುತ್ತದೆ. ಜ್ವರ, ನೋವು, ಊತಗಳಿಗೆ ಇವೇ ಕಾರಣ. ಎರಡನೆಯ ದಾರಿಯಲ್ಲಿ ಲ್ಯೂಕೊಟ್ರೈಯೀನ್‌ಗಳು ತಯಾರಾಗುತ್ತವೆ. ಇವು ಶ್ವಾಸನಾಳವನ್ನು ಬಲವಾಗಿ ಕುಗ್ಗಿಸಿ, ಕಫ ಹೆಚ್ಚಿಸುತ್ತವೆ. ನೋವಿನ ಮಾತ್ರೆಗಳು ಆ ಮೊದಲ ಕಿಣ್ವವನ್ನು ತಡೆಯುತ್ತವೆ ಎಂದು 1971ರಲ್ಲಿ ಬ್ರಿಟನ್ನಿನ ಜಾನ್ ವೇನ್ ತೋರಿಸಿದರು. ಉಬ್ಬಸಕ್ಕೂ ಮೂಲ ಅಲ್ಲಿಯೇ ಎಂದು 1975ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದ ಆಂಡ್ರೆಜ್ ಶ್ಚೆಕ್ಲಿಕ್ ಮತ್ತು ಸಂಗಡಿಗರು ತೋರಿಸಿದರು. ಪ್ರೊಸ್ಟಗ್ಲಾಂಡಿನ್‌ಗಳಲ್ಲಿ ಒಂದಾದ ಇ2 ಎಂಬುದು ಶ್ವಾಸನಾಳದಲ್ಲಿ ಲ್ಯೂಕೊಟ್ರೈಯೀನ್‌ಗಳಿಗೆ ಕಡಿವಾಣ. ಈ ರೋಗಿಗಳಲ್ಲಿ ಆ ಕಡಿವಾಣ ಮೊದಲೇ ಸಡಿಲ, ಕುದುರೆಯೋ ಕೊಬ್ಬಿದ್ದು. ಮಾತ್ರೆ ಉಳಿದ ಕಡಿವಾಣವನ್ನೂ ಕಿತ್ತುಹಾಕುತ್ತದೆ. ಅಲರ್ಜಿಯ ಚರ್ಮ ಪರೀಕ್ಷೆಯಲ್ಲಿ ಇದು ಪತ್ತೆಯಾಗದಿರುವುದಕ್ಕೆ ಇದೇ ಕಾರಣ.

ಈಗ ವಂಶವಾಹಿಯ ಮಾತು. ಲ್ಯೂಕೊಟ್ರೈಯೀನ್ ಅತಿಯಾಗುವುದೇ ರೋಗವಾದರೆ, ಅದನ್ನು ತಯಾರಿಸುವ ಕಿಣ್ವದ ವಂಶವಾಹಿಯಲ್ಲೇ ದೋಷವಿರಬಹುದಲ್ಲವೇ? ಕ್ರಾಕೋವಿನವರೇ ಹುಡುಕಿದರು. ಲ್ಯೂಕೊಟ್ರೈಯೀನ್ ಸಿ4 ಸಿಂಥೇಸ್ ಎಂಬ ಕಿಣ್ವದ ವಂಶವಾಹಿ ಐದನೆಯ ವರ್ಣತಂತುವಿನಲ್ಲಿದೆ. ಅದನ್ನು ಚಾಲೂ ಮಾಡುವ ಭಾಗದಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದು ತಮ್ಮ ರೋಗಿಗಳಲ್ಲಿ ಹೆಚ್ಚಾಗಿದೆ ಎಂದು 1997ರಲ್ಲಿ ಪ್ರಕಟಿಸಿದರು. ಕಳ್ಳ ಸಿಕ್ಕಿಬಿದ್ದ ಎಂದೇ ಹಲವರು ಭಾವಿಸಿದರು. ಆದರೆ ಮೂರು ವರ್ಷಗಳ ಬಳಿಕ ಅಮೆರಿಕದ ರೋಗಿಗಳಲ್ಲಿ ನೋಡಿದಾಗ ಆ ನಂಟು ಕಾಣಲಿಲ್ಲ. ಮೇಲಾಗಿ ಈ ಅಕ್ಷರ ಬದಲಾವಣೆ ಆರೋಗ್ಯವಂತರಲ್ಲೂ ಸಾಕಷ್ಟು ಸಾಮಾನ್ಯ. ಅದನ್ನು ಹೊತ್ತವರಲ್ಲಿ ಬಹುಪಾಲು ಜನ ಜೀವಮಾನವಿಡೀ ಆಸ್ಪಿರಿನ್ ನುಂಗಿ ಸುಖವಾಗಿರುತ್ತಾರೆ.

ಸ್ವಲ್ಪ ಗಟ್ಟಿಯಾಗಿ ನಿಂತ ಸುಳಿವು ಬೇರೆಡೆ ಸಿಕ್ಕಿತು. ಮೂತ್ರಪಿಂಡದ ಕಸಿಗೆ ಮುನ್ನ ದಾನಿ ಮತ್ತು ರೋಗಿಯ ನಡುವೆ ಎಚ್‌ಎಲ್‌ಎ ಹೊಂದಾಣಿಕೆ ನೋಡುವುದನ್ನು ಕೇಳಿರುತ್ತೀರಿ. ಆರನೆಯ ವರ್ಣತಂತುವಿನಲ್ಲಿರುವ ಆ ಗುಂಪಿನ ಡಿಪಿಬಿ1 0301 ಎಂಬ ಬಗೆ ಈ ಕಾಯಿಲೆಯವರಲ್ಲಿ ಹೆಚ್ಚೆಂದು 1997ರಲ್ಲಿ ಪೋಲೆಂಡಿನಲ್ಲಿ, 2004ರಲ್ಲಿ ಕೊರಿಯಾದಲ್ಲಿ ಕಂಡುಬಂತು. ಅದೇ 2004ರಲ್ಲಿ ಜಪಾನಿನವರು ಕಡಿವಾಣದ ಕಡೆಯ ವಂಶವಾಹಿಯೊಂದನ್ನು, ಅಂದರೆ ಪ್ರೊಸ್ಟಗ್ಲಾಂಡಿನ್ ಇ2 ಬಂದು ಕೂರುವ ಗ್ರಾಹಿಯದನ್ನು, ಗುರುತಿಸಿದರು. ಹೀಗೆ ಪಟ್ಟಿ ಬೆಳೆಯುತ್ತ ಹೋಗಿದೆ. ಒಂದೊಂದೂ ಅಪಾಯವನ್ನು ಅಷ್ಟಿಷ್ಟು ಹೆಚ್ಚಿಸುತ್ತದೆ. ಯಾವುದೂ ಒಂಟಿಯಾಗಿ ರೋಗ ತರುವುದಿಲ್ಲ.

ಹೋಲಿಕೆಗಾಗಿ ಒಂದು ಮಾತು. ಅಪಸ್ಮಾರಕ್ಕೆ ಕೊಡುವ ಕಾರ್ಬಮಝೆಪೀನ್ ಕೆಲವರಲ್ಲಿ ಮೈಚರ್ಮವೇ ಸುಲಿಯುವಂಥ ಘೋರ ಪರಿಣಾಮ ಮಾಡುತ್ತದೆ. ಅದಕ್ಕೂ ಎಚ್‌ಎಲ್‌ಎ ಬಿ 1502 ಎಂಬ ಬಗೆಗೂ ಬಲವಾದ ನಂಟಿದೆಯೆಂದು 2004ರಲ್ಲಿ ತೈವಾನಿನಲ್ಲಿ ತಿಳಿಯಿತು. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಏಷ್ಯಾ ಮೂಲದವರಿಗೆ ಔಷಧ ಕೊಡುವ ಮುನ್ನವೇ ರಕ್ತ ಪರೀಕ್ಷೆ ಮಾಡಿಸಿ ಎಂದರು. ಅಂಥ ಪರೀಕ್ಷೆ ನೋವಿನ ಮಾತ್ರೆಯ ಉಬ್ಬಸಕ್ಕೆ ಇಲ್ಲ. ಯಾರಾದರೂ ದುಡ್ಡು ಪಡೆದು ಜೀನ್ ಪರೀಕ್ಷೆಯಿಂದ ಹೇಳಿಬಿಡುತ್ತೇವೆ ಎಂದರೆ ನಂಬಬೇಡಿ.

ಇನ್ನೊಂದು ದೃಷ್ಟಿಯಿಂದಲೂ ನೋಡಿ. ವಂಶವಾಹಿ ಹುಟ್ಟಿದಾರಭ್ಯ ಅದೇ. ಆದರೂ ಇಪ್ಪತ್ತೈದರಲ್ಲಿ ಒಗ್ಗಿದ ಮಾತ್ರೆ ಮೂವತ್ತೈದರಲ್ಲಿ ಒಗ್ಗುವುದಿಲ್ಲ. ಬಹುಪಾಲು ರೋಗಿಗಳ ಮನೆಯಲ್ಲಿ ಮತ್ತೊಬ್ಬರಿಗೆ ಈ ತೊಂದರೆ ಇರುವುದೂ ಇಲ್ಲ. ನಡುವೆ ಏನೋ ಸೇರಿಕೊಂಡಿದೆ. ವೈರಸ್ ಸೋಂಕಿನ ಮೇಲೆ ಹಲವರ ಅನುಮಾನ. (ತಾಯಿಗಿದೆ ಎಂದು ಮಗಳ ಮದುವೆಯ ಮಾತಿನಲ್ಲಿ ಇದನ್ನು ಎಳೆದು ತರುವವರನ್ನು ಕಂಡಿದ್ದೇನೆ. ಅದಕ್ಕೆ ಆಧಾರವೇ ಇಲ್ಲ.)

ವೃಥಾ ಭಯದಿಂದ ಆಗುವ ಹಾನಿಯೂ ಸಣ್ಣದಲ್ಲ. 1988ರಲ್ಲಿ ಪ್ರಕಟವಾದ, 17 ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳ ಅಧ್ಯಯನದಲ್ಲಿ, ಆಸ್ಪಿರಿನ್ ಕೊಟ್ಟವರಲ್ಲಿ ಐದು ವಾರಗಳೊಳಗಿನ ಹೃದಯ ಸಂಬಂಧಿ ಸಾವು ಶೇ. 23ರಷ್ಟು ಇಳಿಯಿತು. ಎದೆನೋವೆಂದು ಬಂದವರ ಮನೆಯವರು "ಇವರಿಗೆ ದಮ್ಮಿದೆ, ಆಸ್ಪಿರಿನ್ ಬೇಡ" ಎಂದುಬಿಟ್ಟರೆ, ನೂರರಲ್ಲಿ 93 ಜನಕ್ಕೆ ಒಗ್ಗುವ ಔಷಧ ತಪ್ಪಿಹೋಗುತ್ತದೆ.

ಆದ್ದರಿಂದ ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ ಇದು. ಉಬ್ಬಸ ಶುರುವಾದ ಮೇಲೂ ಈ ಮಾತ್ರೆಗಳನ್ನು ನುಂಗಿ ಏನೂ ಆಗಿಲ್ಲವಾದರೆ ಈಗಂತೂ ನಿಮಗೆ ಈ ತೊಂದರೆ ಇರುವ ಸಂಭವ ಕಡಿಮೆ. ಆದರೆ ಮೂಗು ಸದಾ ಕಟ್ಟಿದ್ದರೆ, ವಾಸನೆ ಹೋಗಿದ್ದರೆ, ದುರ್ಮಾಂಸವಿದೆಯೆಂದು ವೈದ್ಯರು ಹೇಳಿದ್ದರೆ ಅವರನ್ನು ಕೇಳದೆ ನುಂಗಬೇಡಿ. ಜೀನಿಗಿಂತ ಮೂಗು ಹೆಚ್ಚು ಹೇಳುತ್ತದೆ. ಖಚಿತಪಡಿಸಿಕೊಳ್ಳಲೇಬೇಕೆಂದರೆ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು, ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿ ಉಸಿರಿನ ಬಲ ಅಳೆಯುತ್ತ ಮಾತ್ರೆ ಕೊಟ್ಟು ನೋಡುವ ಕ್ರಮವಿದೆ. ಮನೆಯಲ್ಲಿ "ಅರ್ಧ ನುಂಗಿ ನೋಡೋಣ" ಎನ್ನುವುದು ಬೇಡವೇ ಬೇಡ. ಮಗಳಿಗೆ ಉಬ್ಬಸವೂ ಇಲ್ಲ, ಮೂಗಿನ ತೊಂದರೆಯೂ ಇಲ್ಲ ಎಂದಾದರೆ ಅಜ್ಜಿಯ ಕಾರಣದಿಂದ ಯಾವ ನಿರ್ಬಂಧವೂ ಬೇಕಿಲ್ಲ.

ತಾಯಿಯವರ ವಿಷಯ ಬೇರೆ. ಡಿಸ್ಪ್ರಿನ್ ಎಂದರೂ ಇಕೋಸ್ಪ್ರಿನ್ ಎಂದರೂ ಆಸ್ಪಿರಿನ್ನೇ; ಬ್ರೂಫೆನ್ ಐಬುಪ್ರೊಫೆನ್; ವೊವೆರಾನ್ ಡೈಕ್ಲೊಫೆನಾಕ್; ಕಾಂಬಿಫ್ಲಾಮ್‌ನಲ್ಲಿ ಪ್ಯಾರಸಿಟಮಾಲ್ ಜೊತೆಗೆ ಐಬುಪ್ರೊಫೆನ್ ಅಡಗಿದೆ. ಅಸೆಕ್ಲೊಫೆನಾಕ್, ನ್ಯಾಪ್ರಾಕ್ಸೆನ್, ಮುಟ್ಟಿನ ನೋವಿಗೆ ಕೊಡುವ ಮೆಫೆನಾಮಿಕ್ ಆಮ್ಲ, ಇವೂ ಅದೇ ಸಾಲಿನವು. ಔಷಧಿ ಅಂಗಡಿಯಲ್ಲಿ ಸ್ಟ್ರಿಪ್ ಕತ್ತರಿಸಿ ಹೆಸರಿಲ್ಲದ ಎರಡು ಮಾತ್ರೆ ಕವರಿಗೆ ಹಾಕಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಹೆಸರಿರುವ ತುದಿಯನ್ನೇ ಕೇಳಿ. ಪ್ಯಾರಸಿಟಮಾಲ್ 500 ಮಿಲಿಗ್ರಾಂ ಸಾಮಾನ್ಯವಾಗಿ ಒಗ್ಗುತ್ತದೆ. ಒಂದೇ ಬಾರಿಗೆ 1000 ಮಿಲಿಗ್ರಾಂ ಆದರೆ ಕೆಲವರಿಗೆ ಅದೂ ಉಬ್ಬಸ ತರುತ್ತದೆ. ಸೆಲಿಕಾಕ್ಸಿಬ್ ಜಾತಿಯವು ಹೆಚ್ಚಿನವರಿಗೆ ಆಗುತ್ತವೆ, ಆದರೆ ಮೊದಲ ಗುಳಿಗೆ ವೈದ್ಯರ ಎದುರಿನಲ್ಲಾಗಲಿ.

ಚಿಕಿತ್ಸೆಯೂ ಇದೆ. ಲ್ಯೂಕೊಟ್ರೈಯೀನ್‌ಗಳ ಕೆಲಸ ತಡೆಯುವ ಮಾಂಟೆಲುಕಾಸ್ಟ್ ಹಲವರಿಗೆ ಸಹಾಯಕ. ಆಸ್ಪತ್ರೆಯಲ್ಲಿ ಒಂದೆರಡು ದಿನ ಆಸ್ಪಿರಿನ್ನನ್ನೇ ಏರಿಸುತ್ತ ಕೊಟ್ಟು ದೇಹಕ್ಕೆ ಒಗ್ಗಿಸಿ, ಅನಂತರ ದಿನವೂ ನುಂಗಿಸಿದರೆ ದುರ್ಮಾಂಸ ಮತ್ತೆ ಬೆಳೆಯುವುದು ತಗ್ಗುತ್ತದೆ. ಕೆಲವು ದಿನ ಬಿಟ್ಟರೂ ಒಗ್ಗಿದ್ದು ಮತ್ತೆ ಹೋಗುತ್ತದೆ. ಹೊಸ ಚುಚ್ಚುಮದ್ದುಗಳು ಬಂದಿವೆ, ಬೆಲೆ ಮಾತ್ರ ದುಬಾರಿ.

ತಾಯಿಯವರ ಎಲ್ಲ ಆಸ್ಪತ್ರೆ ಚೀಟಿಗಳ ಮೇಲೂ "ಆಸ್ಪಿರಿನ್ ಮತ್ತು ಅದರ ವರ್ಗದ ನೋವಿನ ಔಷಧಗಳು ಆಗುವುದಿಲ್ಲ" ಎಂದು ಕೆಂಪು ಶಾಯಿಯಲ್ಲಿ ಬರೆಸಿಡಿ. ಹಲ್ಲು ಕೀಳಿಸಲು ಹೋದಾಗ, ಬೆನ್ನುನೋವೆಂದು ಸೂಜಿ ಹಾಕಿಸಿಕೊಳ್ಳುವ ಮುನ್ನ ತೋರಿಸಿ. ಕಣ್ಣಿನ ಪೊರೆ ತೆಗೆಸಲು ಹೋದಾಗಲೂ ಮರೆಯಬೇಡಿ. ಅಲ್ಲಿ ಕೊಡುವ ಕೆಟೊರೊಲಾಕ್ ಹನಿಗಳಿಂದಲೇ ಉಬ್ಬಸ ಬಂದವರಿದ್ದಾರೆ.