ಕಲ್ಲಿದ್ದಲ ಗಣಿಯೂ ಹಳ್ಳಿಯ ಭೂಮಿಯೂ

ರಾಯಚೂರಿನ ಬಳಿ ಕೃಷ್ಣಾತೀರದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲನ್ನುರಿಸಿ ವಿದ್ಯುಚ್ಛಕ್ತಿಯನ್ನು ಉತ್ಪತ್ತಿಮಾಡುತ್ತಿರುವುದು ಜಮೀನುದಾರರಿಗೆ ತಿಳಿದ ವಿಷಯವೇ. ಆದರೆ ಆ ಕಲ್ಲಿದ್ದಲು ಪರಪ್ರಾಂತಗಳಿಂದ ರೈಲಿನಲ್ಲಿ ಬರತಕ್ಕದ್ದು. ಗಣಿಯೂ ವಿದ್ಯುತ್ ಸ್ಥಾವರವೂ ಒಂದೇ ಎಡೆಯಲ್ಲಿ ಬೆಳೆದರೆ ಹಳ್ಳಿಗಳ ಗತಿ ಏನಾಗುವುದೆಂಬುದನ್ನು ತಿಳಿಯಬೇಕಾದರೆ ಮಧ್ಯಪ್ರದೇಶ, ಉತ್ತರಪ್ರದೇಶಗಳ ಗಡಿಯಲ್ಲಿರುವ ಸಿಂಗ್ರೌಲಿ ಸೀಮೆಯನ್ನು ನೋಡಬೇಕು. ಅಲ್ಲಿಯ ಒಂದು ಪಟ್ಟಣಕ್ಕೂ ಶಕ್ತಿನಗರವೆಂದೇ ಹೆಸರು.

ಆ ಸೀಮೆಯು ಮೊದಲು ಕಾಡಿನ ಮತ್ತು ಖುಷ್ಕಿ ಬೇಸಾಯದ ನಾಡು. 1962ರಲ್ಲಿ ರಿಹಂದ್ ನದಿಯ ಅಣೆಕಟ್ಟು ಪೂರ್ತಿಯಾಗಲು, ಮುಳುಗಿದ ಹಳ್ಳಿಗಳ ಜನರಲ್ಲಿ ಅನೇಕರು ಜಲಾಶಯದ ಮೇಲಣ ಭೂಮಿಗೆ ಸರಿದರು. ಆ ಭೂಮಿಯ ಕೆಳಗೇ ಕಲ್ಲಿದ್ದಲಿತ್ತು. ತರುವಾಯ ಗಣಿಗಳು ಬಂದವು. 1982ರಿಂದ ಜಲಾಶಯದ ನೀರನ್ನೂ ಗಣಿಯ ಇದ್ದಲನ್ನೂ ನಂಬಿದ ದೊಡ್ಡ ಸ್ಥಾವರಗಳು ಒಂದರ ಹಿಂದೊಂದು ಎದ್ದವು. ಒಮ್ಮೆ ಮನೆ ಬಿಟ್ಟ ಕುಟುಂಬಗಳು ಎರಡನೆಯ, ಕೆಲವು ಮೂರನೆಯ ಸಲವೂ ಬಿಡಬೇಕಾಯಿತು. ಪಟ್ಟಾ ಉಳ್ಳವರಿಗೆ ಪರಿಹಾರದ್ರವ್ಯವೇನೋ ಇತ್ತು. ಪಟ್ಟಾ ಇಲ್ಲದೆ ಕಾಡಂಚಿನಲ್ಲಿ ಉಳುತ್ತಿದ್ದವರಿಗೂ, ಹಿಪ್ಪೆಹೂ, ಬೀಡಿ ಎಲೆಗಳನ್ನು ಆಯ್ದು ಜೀವಿಸುತ್ತಿದ್ದವರಿಗೂ, ದನ ಮೇಯುವ ಬಯಲಿಗೂ ಲೆಕ್ಕದಲ್ಲಿ ದೊರೆತ ಸ್ಥಳ ಅತ್ಯಲ್ಪ.

ಅಲ್ಲಿಯವು ಬಹುಮಟ್ಟಿಗೆ ತೆರೆದ ಗಣಿಗಳು. ಮೇಲ್ಮಣ್ಣನ್ನೂ ಬಂಡೆಯನ್ನೂ ತೆಗೆದು ಗುಡ್ಡಗಳಾಗಿ ಒಟ್ಟುವರು. ಮಳೆಗಾಲದಲ್ಲಿ ಆ ರಾಶಿಯು ಕೊಚ್ಚಿ ಕೆಳಗಿನ ಹೊಲಗಳಿಗೆ ಬರುವುದು. ಗಣಿಯು ಬಾವಿಗಳಿಗಿಂತ ಆಳವಾದರೆ ಅಂತರ್ಜಲವು ಅದರ ಕಡೆಗೆ ಇಳಿಯುವುದು. ಆ ನೀರನ್ನು ಪಂಪಿನಿಂದ ಹೊರಚೆಲ್ಲುವರು. ಒಳ್ಳೆಯ ಮಳೆಯಾದ ವರ್ಷದಲ್ಲಿಯೂ ನೆರೆಯ ಬಾವಿಗಳು ಬತ್ತುವುದಕ್ಕೆ ಇದೇ ಕಾರಣ.

ಸ್ಥಾವರದ ತೊಡಕು ಬೂದಿಯದು. ಒಂದು ಯೂನಿಟ್ ಶಕ್ತಿಗೆ ಸುಮಾರು 600ರಿಂದ 700 ಗ್ರಾಂ ಇದ್ದಲು ಬೇಕು. ನಮ್ಮ ದೇಶದ ಇದ್ದಲಿನಲ್ಲಿ ನೂರಕ್ಕೆ 30ರಿಂದ 45 ಪಾಲು ಬೂದಿ. ಇದನ್ನು ನೀರಿನಲ್ಲಿ ಕಲಸಿ ಕೊಳವೆಗಳ ಮೂಲಕ ಬೂದಿಕೆರೆಗೆ ಬಿಡುವುದು ವಾಡಿಕೆ. ಕೆರೆಯು ಒಣಗಿದಾಗ ಬೇಸಗೆಯ ಗಾಳಿಗೆ ಎದ್ದ ಬೂದಿಯು ಎಲೆಗಳ ಮೇಲೆ ಕುಳಿತು ಬೆಳಕನ್ನು ತಡೆದು, ಉಸಿರಾಟದ ರಂಧ್ರಗಳನ್ನು ಮುಚ್ಚುವುದು. ಬೂದಿಯೆಲ್ಲ ವಿಷವೆಂಬ ಮಾತು ಸರಿಯಲ್ಲ. ಮಿತವಾಗಿ ಸೇರಿಸಿದಲ್ಲಿ ಅಂಟುಮಣ್ಣು ಸಡಿಲಗೊಳ್ಳುವುದುಂಟು. ಆದರೆ ಅದರಲ್ಲಿ ಬೋರಾನು, ಆರ್ಸೆನಿಕ್ಕು ಮೊದಲಾದವು ಇರುವುದರಿಂದ ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಕೂಡದು. ಕೆರೆಯ ಏರಿ ಒಡೆದರಂತೂ ಉಪಾಯವಿಲ್ಲ. ಸಿಂಗ್ರೌಲಿಯಲ್ಲಿ 2020ನೆಯ ಇಸವಿ ಏಪ್ರಿಲ್ 10ರಂದು ಹಾಗೆ ಒಡೆದ ಏರಿಯಿಂದ ಬೂದಿಯ ಕೆಸರು ನುಗ್ಗಿ, ಮಕ್ಕಳೂ ಸೇರಿ ಹಲವರು ಮೃತಪಟ್ಟರು. ನಿಂತ ಬೆಳೆಯೂ ಹೂತುಹೋಯಿತು.

ಇಂತಹ ನಷ್ಟವನ್ನು ಕೇಳಲು ಹೋದ ರೈತನಿಗೆ ಎದುರಾಗುವ ಮೊದಲ ಪ್ರಶ್ನೆ, ಮುಂಚೆ ಹೇಗಿತ್ತೆಂಬುದು. ಬಾಯಿಮಾತು ಅಲ್ಲಿ ನಿಲ್ಲದು. ಆದುದರಿಂದ ಸ್ಥಾವರದ ಸುದ್ದಿ ಹುಟ್ಟಿದೊಡನೆಯೇ ಗ್ರಾಮದ ಮುಖ್ಯಸ್ಥರು ಒಂದು ಪುಸ್ತಕವನ್ನಿಟ್ಟು, ಪ್ರತಿಯೊಂದು ಬಾವಿಯ ನೀರಿನ ಮಟ್ಟ, ಹೊಲವಾರು ಹುಟ್ಟುವಳಿ, ಗೋಮಾಳದ ಎಲ್ಲೆ, ಪಟ್ಟಾ ಇಲ್ಲದೆ ಸಾಗುವಳಿ ಮಾಡುವವರ ಹೆಸರು, ಇವನ್ನು ಬರೆದು ಗ್ರಾಮಸಭೆಯಲ್ಲಿ ಓದಿಸಿ ರುಜು ಹಾಕಿಸತಕ್ಕದ್ದು. ಬಾವಿಯ ಅಳತೆಯನ್ನು ವೈಶಾಖದಲ್ಲಿ ಒಮ್ಮೆ, ಕಾರ್ತಿಕದಲ್ಲಿ ಒಮ್ಮೆ ತೆಗೆಯಬೇಕು.