ಕೆರಳುವ ಕರುಳು ಮತ್ತು ಮನೆಮಂದಿ

ರಕ್ತಪರೀಕ್ಷೆ ಸಹಜ, ಸ್ಕ್ಯಾನಿಂಗ್ ಸಹಜ, ಎಂಡೋಸ್ಕೋಪಿಯೂ ಸಹಜ. ಆದರೂ ಹೊಟ್ಟೆಯ ನುಲಿತ ನಿಂತಿಲ್ಲ; ಕೆಲವು ದಿನ ಭೇದಿ, ಕೆಲವು ದಿನ ಮಲಬದ್ಧತೆ, ಉಬ್ಬರವಂತೂ ನಿತ್ಯದ್ದು. ‘ಗಾಬರಿಪಡುವಂಥದ್ದೇನೂ ಇಲ್ಲ’ ಎಂದು ವೈದ್ಯರು ಹೇಳಿದ ಮಾತು ಮನೆ ತಲುಪುವಷ್ಟರಲ್ಲಿ ‘ಏನೂ ಇಲ್ಲವಂತೆ’ ಎಂದಾಗಿರುತ್ತದೆ. ರೋಗಿಯ ಎರಡನೆಯ ಕಷ್ಟ ಅಲ್ಲಿಂದ ಆರಂಭ. ಇರಿಟಬಲ್ ಬವೆಲ್ ಸಿಂಡ್ರೋಮ್, ಸಂಕ್ಷಿಪ್ತವಾಗಿ ಐಬಿಎಸ್, ಎಂಬ ಈ ತೊಂದರೆಯನ್ನು ಕುರಿತು ರೋಗಿಗಳಿಗಿಂತ ಮೊದಲು ಅವರ ಮನೆಯವರಿಗೆ ಹೇಳಬೇಕೆಂದು ನಮಗೆ ತೋರಿದೆ.

ನಮ್ಮ ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಮಿಕ್ಕ ನರಕೋಶಗಳಿವೆ. ಅವು ಮಿದುಳಿನೊಡನೆ ಸದಾ ಸಂದೇಶ ವಿನಿಮಯ ಮಾಡುತ್ತಿರುತ್ತವೆ. ಐಬಿಎಸ್ ಇರುವವರಲ್ಲಿ ಈ ಸಂಪರ್ಕ ಅತಿಸೂಕ್ಷ್ಮವಾಗಿರುತ್ತದೆ. ಇತರರಿಗೆ ಗಮನಕ್ಕೇ ಬಾರದಷ್ಟು ವಾಯು ಇವರಿಗೆ ನೋವಾಗಿ ತಿಳಿಯುತ್ತದೆ. ಸ್ಕ್ಯಾನಿಂಗ್ ಕರುಳಿನ ಆಕಾರವನ್ನು ತೋರಿಸಬಲ್ಲದು, ಅದರ ಸಂವೇದನೆಯನ್ನು ತೋರಿಸಲಾರದು. ಕೆಲವರಿಗೆ ತೀವ್ರ ವಾಂತಿಭೇದಿಯೊಂದು ವಾಸಿಯಾದ ನಂತರ ಈ ತೊಂದರೆ ಉಳಿದುಕೊಳ್ಳುವುದುಂಟು. 2016ರಲ್ಲಿ ಪ್ರಕಟವಾದ ರೋಮ್-4 ಮಾನದಂಡದಂತೆ, ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದರೂ ಹೊಟ್ಟೆನೋವಿದ್ದು, ಮಲವಿಸರ್ಜನೆಯೊಡನೆ ಅದಕ್ಕಿರುವ ಸಂಬಂಧ, ಮಲದ ರೂಪದಲ್ಲಿ ಬದಲಾವಣೆ, ಸಂಖ್ಯೆಯಲ್ಲಿ ಬದಲಾವಣೆ ಈ ಮೂರರಲ್ಲಿ ಎರಡಾದರೂ ಜೊತೆಗಿರಬೇಕು. ತೊಂದರೆ ಆರಂಭವಾಗಿ 6 ತಿಂಗಳಾದರೂ ಆಗಿರಬೇಕು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವಿಕೆ, ರಕ್ತಹೀನತೆ, ಜ್ವರ, ನಿದ್ರೆಯಿಂದ ಎಬ್ಬಿಸುವ ಭೇದಿ, ಮನೆತನದಲ್ಲಿ ಕರುಳಿನ ಕ್ಯಾನ್ಸರ್, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಆರಂಭವಾದ ತೊಂದರೆ: ಇವುಗಳಲ್ಲಿ ಒಂದಿದ್ದರೂ ಐಬಿಎಸ್ ಎಂದು ತಾವೇ ನಿರ್ಧರಿಸಿಕೊಳ್ಳದೆ ವೈದ್ಯರನ್ನು ಕಾಣತಕ್ಕದ್ದು.

ಇನ್ನು ದಿನಚರಿ. ವಿಜಯನಗರದ ಬಾಡಿಗೆ ಮನೆಗಳಲ್ಲಿ ಐವರಿಗೆ ಒಂದೇ ಶೌಚಾಲಯವಿರುವುದು ಅಪರೂಪವಲ್ಲ. ಬೆಳಗಿನ ಕಾಫಿ, ತಿಂಡಿ ಹೊಟ್ಟೆಗಿಳಿದೊಡನೆ ದೊಡ್ಡ ಕರುಳು ಚುರುಕಾಗುವುದು ಎಲ್ಲರ ಶರೀರಧರ್ಮ. ಐಬಿಎಸ್ ಇರುವವರಲ್ಲಿ ಅದು ಬಲವಾಗಿರುತ್ತದೆ. ಒಮ್ಮೆ ಹೋಗಿ ಬಂದವರು ಅರ್ಧ ಗಂಟೆಯಲ್ಲಿ ಮತ್ತೆ ಹೋಗಬೇಕಾಗುತ್ತದೆ. ಹೊರಗಿನಿಂದ ಬಾಗಿಲು ಬಡಿಯುವ ಸದ್ದಿಗೆ ಕರುಳು ಇನ್ನಷ್ಟು ಬಿಗಿಯುತ್ತದೆಯೇ ಹೊರತು ಸಡಿಲವಾಗದು. ಅವರು ಮುಕ್ಕಾಲು ಗಂಟೆ ಮುಂಚೆ ಎದ್ದು ತಿಂಡಿ ಮುಗಿಸುವಂತೆಯೂ, ಮಕ್ಕಳ ಸ್ನಾನ ಅನಂತರಕ್ಕೆ ಬರುವಂತೆಯೂ ಮನೆಯ ಸರದಿಯನ್ನು ಬದಲಿಸಿದರೆ ಔಷಧವಿಲ್ಲದೆಯೇ ಅರ್ಧ ಆತಂಕ ಇಳಿಯುತ್ತದೆ. ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ನೇರಳೆ ಮಾರ್ಗದ ಮೆಟ್ರೊದಲ್ಲಿ ಒಂದು ಗಂಟೆಗೂ ಮಿಕ್ಕ ಪ್ರಯಾಣ. ಶೌಚಾಲಯಗಳಿರುವುದು ನಿಲ್ದಾಣಗಳಲ್ಲಿ, ರೈಲಿನೊಳಗಲ್ಲ. ದಾರಿಯಲ್ಲಿ ಎಲ್ಲೆಲ್ಲಿ ಇಳಿಯಬಹುದೆಂದು ಮೊದಲೇ ತಿಳಿದಿಟ್ಟುಕೊಂಡವರಿಗೆ ಇಳಿಯುವ ಅಗತ್ಯವೇ ಬಾರದಿರುವುದೂ ಉಂಟು.

ಅಡುಗೆಮನೆಯ ವಿಷಯ ದೊಡ್ಡದು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ತಜ್ಞರು ರೂಪಿಸಿದ ‘ಲೋ ಫಾಡ್‌ಮ್ಯಾಪ್’ ಆಹಾರಕ್ರಮ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಸಣ್ಣ ಕರುಳಿನಲ್ಲಿ ಪೂರ್ತಿ ಹೀರಲ್ಪಡದೆ ನೀರನ್ನು ಸೆಳೆದುಕೊಂಡು, ದೊಡ್ಡ ಕರುಳಿನಲ್ಲಿ ಹುದುಗಿ ವಾಯುವಾಗುವ ಶರ್ಕರಗಳನ್ನು ಕಡಿಮೆ ಮಾಡುವುದೇ ಅದರ ತತ್ತ್ವ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಡಲೆ, ಹಾಲು ಈ ಪಟ್ಟಿಯಲ್ಲಿವೆ. ಮಾಗಿ ಚಳಿಯಲ್ಲಿ ಮಾರುಕಟ್ಟೆಗೆ ರಾಶಿಯಾಗಿ ಬರುವ ಅವರೆಕಾಯಿಯನ್ನೂ ಸೇರಿಸಬೇಕಾದುದು ದುಃಖದ ಸಂಗತಿಯೇ ಸರಿ! ಅಕ್ಕಿ ಮತ್ತು ಜೋಳ ಸಾಮಾನ್ಯವಾಗಿ ಒಗ್ಗುತ್ತವೆ; ಉತ್ತರ ಕರ್ನಾಟಕದಿಂದ ಬಂದು ನೆಲೆಸಿದವರ ಮನೆಯ ರೊಟ್ಟಿಗೆ ಅಡ್ಡಿಯಿಲ್ಲ, ಜುಣಕದಲ್ಲಿ ಮಾತ್ರ ಎಚ್ಚರ ಬೇಕು.

ಸಾರಿನಲ್ಲಿ ಕುದಿಸಿದ ಈರುಳ್ಳಿಯನ್ನು ಬದಿಗಿಟ್ಟು ಉಂಡರೆ ಸಾಕೆಂದು ಹಲವರು ತಿಳಿದಿದ್ದಾರೆ. ಕಾಡುವ ಶರ್ಕರ ನೀರಿನಲ್ಲಿ ಕರಗಿ ಅಷ್ಟರಲ್ಲಿ ಸಾರನ್ನೆಲ್ಲ ಸೇರಿರುತ್ತದೆ. ಎಣ್ಣೆಯಲ್ಲಿ ಅದು ಕರಗದು. ಆದ್ದರಿಂದ ಒಗ್ಗರಣೆಯ ಎಣ್ಣೆಯಲ್ಲಿ ಬೆಳ್ಳುಳ್ಳಿ ಎಸಳುಗಳನ್ನು ಹುರಿದು, ನೀರು ಬೀಳುವ ಮೊದಲೇ ಎತ್ತಿ ತೆಗೆದರೆ ಘಮವಷ್ಟೇ ಉಳಿಯುತ್ತದೆ. ಈ ಪಥ್ಯ ಆಜೀವವಲ್ಲ. 2ರಿಂದ 6 ವಾರ ಬಿಟ್ಟು, ಅನಂತರ ಒಂದೊಂದನ್ನೇ ಮರಳಿ ತಿಂದು ನೋಡಿ, ತಮಗೆ ಒಗ್ಗದ ಒಂದೆರಡನ್ನು ಮಾತ್ರ ದೂರವಿಡಬೇಕು. ಎಲ್ಲವನ್ನೂ ಬಿಟ್ಟು ಸೊರಗುವವರನ್ನು ನಾವು ಕಂಡಿದ್ದೇವೆ. ಆಹಾರತಜ್ಞರ ಮಾರ್ಗದರ್ಶನ ಅಗತ್ಯ. ನಾರಿನಂಶಕ್ಕೆ ಗೋಧಿಯ ತೌಡಿಗಿಂತ ಇಸಬ್‌ಗೋಲ್ ಮೇಲು. ಅಲ್ಪ ಪ್ರಮಾಣದಿಂದ ತೊಡಗಿ, ಸಾಕಷ್ಟು ನೀರು ಕುಡಿಯಬೇಕು.

ವೈದ್ಯರು ಅಮಿಟ್ರಿಪ್ಟಿಲಿನ್ ಬರೆದಾಗ ‘ಇದು ಮಾನಸಿಕ ಕಾಯಿಲೆಯ ಮಾತ್ರೆಯಲ್ಲವೆ?’ ಎಂದು ಮನೆಯಲ್ಲಿ ಗಲಿಬಿಲಿಯಾಗುತ್ತದೆ. ಖಿನ್ನತೆಗೆ ಕೊಡುವುದಕ್ಕಿಂತ ಬಹು ಕಡಿಮೆ ಪ್ರಮಾಣದಲ್ಲಿ ಅದು ಕರುಳಿನ ನೋವಿನ ಸಂದೇಶವನ್ನು ತಗ್ಗಿಸುತ್ತದೆ. ಇಂಗ್ಲೆಂಡಿನಲ್ಲಿ 463 ರೋಗಿಗಳ ಮೇಲೆ ನಡೆದು 2023ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನು ಸಮರ್ಥಿಸಿದೆ. ಬಾಯಿ ಒಣಗುವುದು, ಮಂಪರು ಉಂಟು; ವೈದ್ಯರನ್ನು ಕೇಳದೆ ಆರಂಭಿಸಲೂಬಾರದು, ನಿಲ್ಲಿಸಲೂಬಾರದು.

ಕೊನೆಯದಾಗಿ ಪಂಕ್ತಿಯ ಮಾತು. ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂಬ ಸಂಸ್ಕಾರ ನಮ್ಮದು. ಬಡಿಸುವವರ ಒತ್ತಾಯಕ್ಕೆ ಸಿಕ್ಕಿದವರು ಎರಡನೆಯ ಹೋಳಿಗೆಯನ್ನೂ ನುಂಗಿ, ಮರುದಿನ ಹಾಸಿಗೆ ಹಿಡಿಯುತ್ತಾರೆ. ಬಡಿಸುವ ಮೊದಲೇ ಕೈಯಡ್ಡ ಹಿಡಿದು ‘ಇಷ್ಟೇ ಸಾಕು’ ಎನ್ನುವುದು ಅವರ ಹಕ್ಕು. ‘ನಮ್ಮ ಮನೆಯದು ರುಚಿಸಲಿಲ್ಲವೇನೋ’ ಎಂಬ ಮಾತು ಆತಿಥೇಯರ ಬಾಯಲ್ಲಿ ಬಾರದಿರಲಿ. ಮದುವೆಗೆ ಕರೆಯಲು ಬಂದ ಬೀಗರಿಗೆ ಸೊಸೆಯ ಪರವಾಗಿ ಅತ್ತೆಯೇ ‘ಅವಳಿಗೆ ಅನ್ನ, ತಿಳಿಸಾರು ಸಾಕ್ರೀ, ಕೂರಲು ಬಾಗಿಲ ಹತ್ತಿರ ಜಾಗ ಇರಲಿ’ ಎಂದು ಹೇಳಿದ ಮನೆಯೊಂದನ್ನು ನಾವು ಬಲ್ಲೆವು. ಆ ಸೊಸೆ ಆ ಮದುವೆಗೆ ಹೋಗಿ, ಧಾರೆ ಮುಗಿಯುವವರೆಗೂ ಕುಳಿತಿದ್ದು ಬಂದರು.