ನಿಮಗಿದು ಗೊತ್ತೆ? ಕತ್ತಲಾದರೆ ರೇಡಿಯೊಗೆ ದೂರದ ಕಿವಿ

ಹೊಸಪೇಟೆ ಆಕಾಶವಾಣಿಯ ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ನೇರ ದಾರಿ ಹಿಡಿಯುತ್ತವೆ. ಸಂಡೂರಿನ ಬೆಟ್ಟಸಾಲು ಅಡ್ಡ ಬಂದರೆ ಸೊರಗುತ್ತವೆ. ಎಎಂನ ಮೀಡಿಯಂ ವೇವ್ ರಾತ್ರಿ ಹೊತ್ತು ಹಾಗಲ್ಲ. ಹಗಲಿನಲ್ಲಿ, ನೆಲದಿಂದ ಸುಮಾರು 60ರಿಂದ 90 ಕಿ.ಮೀ. ಎತ್ತರದಲ್ಲಿ ಬಿಸಿಲಿನಿಂದ ಉಂಟಾಗುವ ‘ಡಿ’ ಪದರ ಮೇಲೇರಿದ ಅಲೆಗಳನ್ನು ಹೀರಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಇನ್ನೂ ಮೇಲಿನ ಪದರಗಳಿಗೆ ತಾಗಿದ ಅಲೆ ನೂರಾರು, ಕೆಲವೊಮ್ಮೆ ಸಾವಿರಾರು ಕಿ.ಮೀ. ಆಚೆ ಇಳಿಯುತ್ತದೆ. ಆಕಾಶದಿಂದ ಇಳಿಯುವ ಇದಕ್ಕೆ ಹಂಪಿಯ ಬಂಡೆಗಳ ತಡೆಯಿಲ್ಲ.

ಇಂಥ ದೂರದ ದನಿ ಹುಡುಕುವ ಹವ್ಯಾಸಕ್ಕೆ ‘ಡಿಎಕ್ಸಿಂಗ್’ ಎಂದು ಹೆಸರು. ಹೊಸಬರಿಗೆ ಬೆಂಗಳೂರಿನ 612, ಧಾರವಾಡದ 765 ಕಿಲೋಹರ್ಟ್ಸ್‌ಗಳೇ ಗುರುತುಗಲ್ಲು. ಎರಡೂ 9ರಿಂದ ಭಾಗವಾಗುತ್ತವೆ, ಗಮನಿಸಿ: ಏಷ್ಯಾ, ಯುರೋಪ್, ಆಫ್ರಿಕಾಗಳಲ್ಲಿ 1978ರಿಂದ ಮೀಡಿಯಂ ವೇವ್ ಕೇಂದ್ರಗಳ ನಡುವಿನ ಮೆಟ್ಟಿಲು 9 ಕಿಲೋಹರ್ಟ್ಸ್. ಅಮೆರಿಕದಲ್ಲಿ 10.

ರೇಡಿಯೊದೊಳಗೆ ಅಲೆ ಹಿಡಿಯುವ ಫೆರೈಟ್ ಕಡ್ಡಿಗೆ ದಿಕ್ಕಿನ ಅರಿವಿದೆ. ಎರಡು ಕೇಂದ್ರಗಳು ಕಲಸಿಕೊಂಡರೆ ಸೆಟ್ಟನ್ನು ನಿಧಾನವಾಗಿ ತಿರುಗಿಸಿ. ಒಂದು ಅಡಗಿ ಇನ್ನೊಂದು ಮೇಲೇಳುವುದುಂಟು. ಈ ಹವ್ಯಾಸದ ನಿಜವಾದ ಸೊಗಸು ಇರುವುದೇ ಇಲ್ಲಿ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್‌ಗಳ ಗೊರಗೊರ ಸದ್ದೇ ದೊಡ್ಡ ಶತ್ರು, ಹಾಗಾಗಿ ಮನೆಗಿಂತ ಕಂಪ್ಲಿ ಕಡೆಯ ಗದ್ದೆಬಯಲು ಮೇಲು. ಕೇಳಿದ ದಿನಾಂಕ, ಸಮಯ, ಕಾರ್ಯಕ್ರಮದ ವಿವರ ಬರೆದು ಕಳಿಸಿದರೆ ಅನೇಕ ಕೇಂದ್ರಗಳು ಕೇಳಿದ್ದರ ದೃಢೀಕರಣವಾಗಿ ‘ಕ್ಯೂಎಸ್‌ಎಲ್’ ಕಾರ್ಡ್ ಕಳಿಸುತ್ತವೆ.